ಗಿಂಡಿಯೊಳಗಿನ ಸ್ಯಾನಿಟೈಸರು

ನನ್ನ ಕೈಚೀಲದಲ್ಲಿ ಒಂದು ಪುಟ್ಟ ಸ್ಯಾನಿಟೈಸರ್ ಬಾಟಲಿಯಿದೆ. ಬಾಚಣಿಗೆ, ಮನೆಯ ಬೀಗದಕೈ, ತಲೆನೋವಿನ ಮಾತ್ರೆ, ಯಾವ ಕಾಲದ್ದೋ ಕುಂಕುಮದ ಪೊಟ್ಟಣ, ಇವುಗಳ ನಡುವೆ ಅದು ಬಹಳ ದಿನದಿಂದ ಸಂಸಾರ ಮಾಡಿಕೊಂಡಿತ್ತು. ಒಂದು ದಿನ ಮುಚ್ಚಳ ಸಡಿಲಾಗಿ, ಒಳಗಿದ್ದದ್ದು ಸೋರಿ, ಕಾಲೇಜಿನ ಗುರುತಿನ ಚೀಟಿಯ ಮೇಲಿದ್ದ ನನ್ನ ಮುಖವನ್ನು ಮುಕ್ಕಾಲು ಪಾಲು ಅಳಿಸಿಹಾಕಿತು. ಉಳಿದ ಭಾಗದಲ್ಲಿ ಒಂದು ಕಿವಿ, ಅದರಲ್ಲೊಂದು ಓಲೆ ಮತ್ತು ‘ಕನ್ನಡ ವಿಭಾಗ’ ಎಂಬ ಅಕ್ಷರಗಳಿದ್ದವು. ಗೇಟಿನ ಕಾವಲಿನವನು ಅದನ್ನು ಹಿಂದೆ ಮುಂದೆ ತಿರುಗಿಸಿ, ನನ್ನ ಕಿವಿಯನ್ನೊಮ್ಮೆ ನೋಡಿ, "ಓಗಿ ಮೇಡಂ, ಓಲೆ ನಿಮ್ದೇಯ" ಎಂದು ಒಳಕ್ಕೆ ಬಿಟ್ಟ.

ಸರ್ಕಾರಿ ಮೊಹರಿನ ಕೆಳಗೆ ಭದ್ರವಾಗಿ ಕೂತಿದ್ದ ಒಂದು ಮುಖವನ್ನು ಸದ್ದಿಲ್ಲದೆ ಅಳಿಸಬಲ್ಲ ದ್ರವ ಸಾಮಾನ್ಯದ್ದಲ್ಲ ಎಂದು ಅಂದು ನನಗೆ ಅನ್ನಿಸಿತು. ಹಾಗೆ ನೋಡಿದರೆ ಸ್ಯಾನಿಟೈಸರಿನ ವಿಷಯದಲ್ಲಿ ನಾನು ತೀರಾ ಅಜ್ಞಾನಿಯೇನಲ್ಲ. ಕೊರೋನಾ ಕಾಲದಲ್ಲಿ ಮುಚ್ಚಿದ್ದ ಭಾರತೀನಗರದ ನಮ್ಮ ಕಾಲೇಜು ಮತ್ತೆ ಬಾಗಿಲು ತೆರೆದಾಗ ಶುಚಿತ್ವ ಸಮಿತಿ ಎಂಬುದೊಂದು ಹುಟ್ಟಿತು. ರಸಾಯನಶಾಸ್ತ್ರದವರಿಗೆ ಪರೀಕ್ಷೆಯ ಕೆಲಸ ಹೆಚ್ಚೆಂದು ಹಳಗನ್ನಡ ಪಾಠ ಮಾಡುವ ನನ್ನನ್ನು ಅದರ ಸಂಚಾಲಕಿಯಾಗಿ ನೇಮಿಸಿದರು. ಇದು ನನ್ನ ವಿಷಯವಲ್ಲವಲ್ಲ ಎಂದೆ. "ಶುಚಿ ಅನ್ನೋದು ನಿಮ್ಮ ಕಡೆಯ ಪದವೇ ಅಲ್ವೇ ಮೇಡಂ" ಎಂದು ಪ್ರಾಂಶುಪಾಲರು ಸಹಿಗೆ ಕಾಗದ ಮುಂದಿಟ್ಟರು.

ಸಹಿ ಹಾಕಿದ ಮೇಲೆ ಮಾಡಲೇಬೇಕಲ್ಲ. ಅಡಿಟಿಪ್ಪಣಿಗಳನ್ನು ಓದಿ ಓದಿ ಕಣ್ಣು ಕೆಡಿಸಿಕೊಂಡವಳಿಗೆ ಬಾಟಲಿಯ ಬೆನ್ನ ಮೇಲಿನ ಸಣ್ಣ ಅಕ್ಷರ ಓದುವುದು ಹೊಸ ಶಿಕ್ಷೆಯೇನಲ್ಲ. ಓದಿದೆ. ನೂರಕ್ಕೆ ಅರವತ್ತು ಪಾಲಿಗಿಂತ ಕಡಿಮೆ ಮದ್ಯಸಾರವಿದ್ದರೆ ಅದನ್ನು ಕೈಗೆ ಹಚ್ಚಿಕೊಳ್ಳುವುದೂ ಒಂದೇ, ಹಚ್ಚಿಕೊಂಡೆ ಅಂದುಕೊಳ್ಳುವುದೂ ಒಂದೇ. ಎಥೆನಾಲ್ ಎಂದೋ ಐಸೊಪ್ರೊಪೈಲ್ ಎಂದೋ ಸ್ಪಷ್ಟವಾಗಿ ಬರೆದಿರಬೇಕು. ತಯಾರಿಸಿದವರ ವಿಳಾಸ, ಪರವಾನಗಿಯ ಸಂಖ್ಯೆ, ಯಾವ ತಿಂಗಳವರೆಗೆ ಬಳಸಬಹುದೆಂಬ ಮಾತು, ಇವೆಲ್ಲ ಇರಬೇಕು. ಮೆಥೆನಾಲ್ ಎಂಬುದೊಂದಿದೆ, ನೋಡಲು, ಮೂಸಲು ಅದೂ ಒಳ್ಳೆಯದರ ಒಡಹುಟ್ಟಿನಂತೆಯೇ ಇರುತ್ತದೆ, ಅಗ್ಗಕ್ಕೂ ಸಿಗುತ್ತದೆ, ಒಳಗೆ ಹೋದರೆ ಮೊದಲು ಕಣ್ಣನ್ನು ತೆಗೆಯುತ್ತದೆ, ಆಮೇಲೆ ಆಳನ್ನು. ಮಲ್ಲಿಗೆಯ ಪರಿಮಳ, ನಿಂಬೆಯ ಬಣ್ಣ, ಬಾಟಲಿಯ ಮೇಲೆ ನಗುವ ಮಗು, ಇವುಗಳಿಂದ ಯಾವ ಕ್ರಿಮಿಯೂ ಸತ್ತದ್ದಿಲ್ಲ.

ಬಳಸುವುದಕ್ಕೂ ಒಂದು ಕ್ರಮವಿದೆ ಎಂದು ತಿಳಿದು ನನಗೆ ಸಂತೋಷವಾಯಿತು, ಏಕೆಂದರೆ ಕ್ರಮವಿರುವುದನ್ನೆಲ್ಲ ಪಾಠ ಮಾಡಬಹುದು. ಅಂಗೈ ತುಂಬ ಹಾಕಿಕೊಂಡು, ಬೆರಳ ಸಂದು, ಉಗುರಿನ ಬುಡ, ಎಲ್ಲರೂ ಮರೆಯುವ ಹೆಬ್ಬೆರಳು, ಹೀಗೆ ಒಂದನ್ನೂ ಬಿಡದೆ, ತಾನಾಗಿ ಒಣಗುವವರೆಗೆ ಉಜ್ಜಬೇಕು. ಅವಸರಪಟ್ಟು ಸೆರಗಿಗೋ ಪ್ಯಾಂಟಿಗೋ ಒರೆಸಿಕೊಳ್ಳಬಾರದು. ಒಣಗುವ ಮುನ್ನ ಬೆಂಕಿಯ ಹತ್ತಿರ ಸುಳಿಯಬಾರದು, ಆ ಉರಿ ಕಣ್ಣಿಗೆ ಕಾಣದಷ್ಟು ತೆಳುವಾಗಿರುತ್ತದೆ. ಕೈಯಲ್ಲಿ ಮಣ್ಣೋ ಜಿಡ್ಡೋ ಇದ್ದರೆ ಸ್ಯಾನಿಟೈಸರು ದಂಡ, ಸೋಪು ನೀರೇ ಗತಿ. ಬೆಳಗ್ಗೆ ಕಬ್ಬಿನ ಗದ್ದೆಗೆ ನೀರು ಕಟ್ಟಿ ಹಾಗೇ ತರಗತಿಗೆ ಬರುವ ನಮ್ಮ ಮಕ್ಕಳ ಕೈ ಮೇಲೆ ನಾನು ಇದನ್ನು ಹಾಕಿ ನೋಡಿದ್ದೇನೆ. ಕೈ ಶುದ್ಧವಾಗಲಿಲ್ಲ, ಗದ್ದೆಯ ಮಣ್ಣು ಸ್ವಲ್ಪ ಮೆತ್ತಗಾಯಿತು.

ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ನಮ್ಮೂರಿನ ಗಾಳಿಯೆಲ್ಲ ಕಾಕಂಬಿಯ ವಾಸನೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ರಾಡಿಯಿಂದಲೇ ಮದ್ಯಸಾರ ಇಳಿಸುತ್ತಾರೆ, ಅದರಿಂದಲೇ ಸ್ಯಾನಿಟೈಸರೂ ಆಗುತ್ತದೆ ಎಂದು ತಿಳಿದಾಗ, ಹನಕೆರೆಯ ಕಡೆ ಗದ್ದೆಯಲ್ಲಿ ಬೆಳೆದದ್ದು ಎಲ್ಲೆಲ್ಲೋ ಸುತ್ತಿ, ಹೆಸರು ಬದಲಿಸಿಕೊಂಡು, ಬೆಳೆದವನ ಅಂಗೈಗೇ ಹನಿ ಹನಿಯಾಗಿ ಮರಳುತ್ತದಲ್ಲ ಎಂದು ವಿಸ್ಮಯಪಟ್ಟೆ. ಈ ವಿಸ್ಮಯವನ್ನು ಸಮಿತಿಯ ಸಭೆಯಲ್ಲಿ ಹಂಚಿಕೊಂಡೆ. ಮುಂದಿನ ವಿಷಯಕ್ಕೆ ಹೋಗೋಣ ಎಂದರು.

ಆದರೆ ಗೆಳೆಯರೇ, ನಾನು ಓದಿದ ಯಾವ ಬಾಟಲಿಯ ಮೇಲೂ ನಮ್ಮ ಕಡೆಯ ಅಂಗೈಯ ಸ್ವಭಾವದ ಬಗ್ಗೆ ಒಂದು ಸಾಲೂ ಇರಲಿಲ್ಲ. ನೀವೇ ಯೋಚಿಸಿ. ಮಾತು ಕಲಿಯುವ ಮೊದಲೇ ನಮಗೆ ಕಲಿಸುವುದು ಬಲಗೈಯನ್ನು ಬಟ್ಟಲು ಮಾಡುವುದನ್ನು. ಬಾಗಿಲಲ್ಲಿ ಮಡಿಯುಟ್ಟು ನಿಂತವರು ಚಮಚದಲ್ಲಿ ಏನನ್ನಾದರೂ ಸುರಿದರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ, ಮಿಕ್ಕ ಪಸೆ ನೆತ್ತಿಗೆ ಹೋಗುತ್ತದೆ. ಇದೇನು, ಎಲ್ಲಿಂದ ತಂದಿರಿ, ಒಳಗೇನಿದೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದವರನ್ನು ಮುಂದಿನ ಸಲ ಕರೆಯುವುದಿಲ್ಲ.

ನನ್ನ ತಮ್ಮ ಮಾದೇಶ ಮದ್ದೂರಿನಲ್ಲಿ ಮನೆ ಕಟ್ಟಿಸಿದ್ದು ಆ ಕಾಲದಲ್ಲೇ. ಸಮಾರಂಭಗಳಿಗೆ ಆಗಷ್ಟೇ ಅಪ್ಪಣೆ ಸಿಕ್ಕಿತ್ತು. ಬಂದವರಿಗೆಲ್ಲ ಬಾಗಿಲಲ್ಲೇ ಸ್ಯಾನಿಟೈಸರ್ ಕೊಡಬೇಕೆಂಬ ಎಚ್ಚರವೂ ಇತ್ತು. ಗೃಹಪ್ರವೇಶದ ಬೆಳಗ್ಗೆ, ಮಾವಿನ ತೋರಣ, ಬಾಳೆಕಂದು, ರಂಗೋಲಿ ಎಲ್ಲ ಮುಗಿದ ಮೇಲೆ, ಅವನ ಹೆಂಡತಿ ಸವಿತ ಬಾಗಿಲ ಪಕ್ಕ ಇಟ್ಟಿದ್ದ ಹಳೆಯ ಪ್ಲಾಸ್ಟಿಕ್ ಕ್ಯಾನನ್ನು ನೋಡಿ ಮುಖ ಸಿಂಡರಿಸಿದಳು. ಫೋಟೋದಲ್ಲಿ ಬರುತ್ತದೆ, ಲಕ್ಷಣವಾಗಿರೋಲ್ಲ ಎಂದಳು. ಮಾದೇಶ ಗಂಡಂದಿರು ಮಾಡುವುದನ್ನೇ ಮಾಡಿದ. ಕ್ಯಾನಿನಲ್ಲಿದ್ದದ್ದನ್ನು ಉಡುಗೊರೆಗೆ ಬಂದಿದ್ದ ಹಿತ್ತಾಳೆ ಗಿಂಡಿಗೆ ಬಗ್ಗಿಸಿ, ಪಕ್ಕದಲ್ಲೊಂದು ಬೆಳ್ಳಿಯ ಚಮಚ ಇಟ್ಟುಕೊಂಡು, ಜರಿಪಂಚೆ ಉಟ್ಟು, ಹಣೆಗೆ ವಿಭೂತಿ ಬಳಿದು, ಹೊಸ ಮನೆಯ ಹೊಸಿಲ ಮೇಲೆ ನಿಂತುಕೊಂಡ. ಸವಿತ ಪಕ್ಕದಲ್ಲಿ ಅಕ್ಷತೆಯ ತಟ್ಟೆ ಹಿಡಿದು ನಿಂತಳು. ಮೊದಲು ಬಂದವರೆಲ್ಲ ಹರೆಯದವರು, ಮೂಸಿ ನೋಡಿ ಕೈ ಉಜ್ಜಿಕೊಂಡು ಒಳಗೆ ಹೋದರು.

ಆಮೇಲೆ ಕೆಂಪತ್ತೆ ಬಂದಳು. ನಮ್ಮಪ್ಪನ ತಂಗಿ, ಬೆಳಕವಾಡಿಯವಳು. ಮಾದೇಶ ತೊಟ್ಟಿಲಲ್ಲಿದ್ದಾಗ ನಮ್ಮವ್ವ ಕಾಯಿಲೆ ಬಿದ್ದಳು. ಕೆಂಪತ್ತೆ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದವಳು, ಸ್ಕೂಲಿಗೆ ಸೇರಿಸುವಾಗಲೇ ವಾಪಸು ತಂದುಬಿಟ್ಟದ್ದು. ಅವಳಿಗೆ ಎಡಗಣ್ಣು ಕಾಣುವುದಿಲ್ಲ. ಹರೆಯದಲ್ಲಿ ಭತ್ತ ಬಡಿಯುವಾಗ ಕಾಳು ಸಿಡಿದು ಹೋದ ಕಣ್ಣು. ಉಳಿದ ಒಂದಕ್ಕೂ ಪೊರೆ ಬಂದು, ವರ್ಷಗಟ್ಟಲೆ ಎದುರಿನವರನ್ನು ದನಿಯಿಂದ ಗುರುತಿಸುತ್ತಿದ್ದಳು. ಮಂಡ್ಯದಲ್ಲಿ ಆ ಪೊರೆ ತೆಗೆಸಿ ಹೆಚ್ಚು ದಿನವಾಗಿರಲಿಲ್ಲ. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು, "ಗ್ವಾಡೆ ಇಷ್ಟು ಕೊಳ್ಕಾಗಿತ್ತಾ? ಒಬ್ರಾದ್ರೂ ಏಳ್ನಿಲ್ವಲ್ಲ ನಂಗೆ" ಎಂದು ಬೈದಳಂತೆ. ನನ್ನನ್ನು ನೋಡಿ, "ಇದೇನ್ ಮಗ, ತಲೆಯೆಲ್ಲ ಬೆಳ್ಳಗಾಗೋಗದೆ? ಯಾವಾಗಾಯ್ತಿದು?" ಎಂದು ಮರುಗಿದಳು. ಬಣ್ಣ ಹಚ್ಚುವುದನ್ನು ಬಿಟ್ಟು ಬಹಳ ಕಾಲವಾಗಿತ್ತೆಂದು ನಾನು ವಿವರಿಸಲಿಲ್ಲ. ಮಾದನ ಮನೆಯನ್ನು ಕಣ್ಣಾರೆ ನೋಡಬೇಕು ಎಂಬುದೊಂದೇ ಮಾತನ್ನು ಅವಳು ಆ ತಿಂಗಳೆಲ್ಲ ಆಡುತ್ತಿದ್ದಳು.

ಅತ್ತೆ ಬಾಗಿಲಿಗೆ ಬಂದಳು. ಮಾದೇಶ ಸಡಗರದಿಂದ, "ತಗೊ ಅತ್ತೆ" ಎಂದು ಚಮಚದ ಮೇಲೆ ಚಮಚ ಸುರಿದ. ಅತ್ತೆ ಗಲ್ಲಕ್ಕೆ ಇಳಿಬಿದ್ದಿದ್ದ ಮಾಸ್ಕನ್ನು ಇನ್ನಷ್ಟು ಇಳಿಸಿ, ಸೆರಗು ಕೈಯಡಿಗಿಟ್ಟುಕೊಂಡು, ಬಾಯಿಗೆ ತಂದು, ಒಂದು ಗಳಿಗೆ ನಿಂತು, ಗುಟುಕರಿಸಿದಳು. ಅಂಗೈಯನ್ನು ನೆತ್ತಿಗೆ ಒರೆಸಿಕೊಂಡಳು. ಅಷ್ಟು ಹೊತ್ತಿಗೆ ಸರಿಯಾಗಿ ಒಳಗಿನಿಂದ ಯಾರೋ ಮಂಗಳಾರತಿ ತಟ್ಟೆ ಹಿಡಿದು ಬಾಗಿಲಿಗೇ ಬಂದರು, ಕರ್ಪೂರ ಧಗಧಗ ಉರಿಯುತ್ತಿತ್ತು, ಅತ್ತೆ ಒದ್ದೆಯ ಕೈಗಳನ್ನು ಚಾಚಿದಳು.

ನಾನು ಹಿಂದೆಯೇ ಇದ್ದೆ. ಏನು ಕೂಗಿದೆನೋ ನೆನಪಿಲ್ಲ, ಮಾಸ್ತರಿಕೆಯ ಗಂಟಲು, ದೊಡ್ಡದಾಗಿಯೇ ಕೂಗಿರಬೇಕು. ಅತ್ತೆಯ ರಟ್ಟೆ ಹಿಡಿದು ಮೆಟ್ಟಿಲ ಕೆಳಕ್ಕೆ ಎಳೆದೆ. ಮಂಗಳಾರತಿಯಿಂದ ಮುದುಕಿಯನ್ನು ಎಳೆದುಹಾಕಿದ ಹೆಂಗಸೆಂದು ಬೀಗರ ಕಡೆಯವರು ನನ್ನನ್ನು ನೋಡಿದ ನೋಟ ಈಗಲೂ ಹಾಗೇ ಇದೆ. ಕೈ ಉಳಿಯಿತು. ಒಳಗೆ ಹೋದದ್ದನ್ನು ಏನು ಮಾಡುವುದು?

"ಲೋ ಮಾದ, ಅದ್ಯಾವ ಸ್ಯಾನಿಟೈಸರೋ?" ಎಂದೆ.

"ಒಳ್ಳೇದೇ ಅಕ್ಕ. ಮಂಡ್ಯದಲ್ಲಿ ಲೂಸಲ್ಲಿ ಹಾಕಿಸ್ಕೊಂಡು ಬಂದೆ" ಎಂದ.

ಗೆಳೆಯರೇ, ಎಣ್ಣೆಯನ್ನು ಗಾಣದಿಂದ, ಹಾಲನ್ನು ಡೇರಿಯಿಂದ ಪಾತ್ರೆ ಕೊಂಡೊಯ್ದು ತರುವವರು ನಾವು. ಡ್ರಮ್ಮಿನಿಂದ ಬಿಡಿಯಾಗಿ ಅಳೆದು ಕೊಟ್ಟದ್ದೇ ಅಸಲಿ, ಸೀಲು ಹಾಕಿದ್ದರಲ್ಲಿ ಮೋಸ ಎಂಬ ನಂಬಿಕೆ ನಮ್ಮ ರಕ್ತದಲ್ಲಿದೆ. ಎಣ್ಣೆಗೆ, ಹಾಲಿಗೆ, ಬೆಲ್ಲಕ್ಕೆ ಅದು ಸರಿಯಿದ್ದೀತು. ಈ ಒಂದು ಪದಾರ್ಥಕ್ಕೆ ಮಾತ್ರ ಅದು ತಿರುಗುಮುರುಗು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಶುಚಿತ್ವ ಸಮಿತಿ ಕಾಲೇಜಿನ ಕಾಂಪೌಂಡಿಗೆ ಸೀಮಿತವಾಗಿತ್ತು.

ಅತ್ತೆಯನ್ನು ಕರೆದೊಯ್ದ ಮದ್ದೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಗಂಭೀರ ಮುಖ. "ಏನು ಕುಡಿದಿದ್ದಾರೆ?" ಎಂದರು. "ತೀರ್ಥ" ಎಂದ ಮಾದೇಶ. "ಸ್ಯಾನಿಟೈಸರ್" ಎಂದೆ ನಾನು. ವಾಂತಿ ಮಾಡಿಸಲು ಉಪ್ಪುನೀರು ಹಿಡಿದು ಬಂದಿದ್ದ ನೆಂಟರನ್ನು ಅವರು ಹೊರಗೆ ಕಳಿಸಿದರು. ಬಲಗಣ್ಣಿಗೆ ಬೆಳಕು ಬಿಟ್ಟು ನೋಡಿದರು, ರಕ್ತ ತೆಗೆಸಿ ಪರೀಕ್ಷೆಗೆ ಮಂಡ್ಯಕ್ಕೆ ಕಳಿಸಿದರು. "ಬಾಟಲಿ ತನ್ನಿ, ಲೇಬಲ್ ನೋಡಬೇಕು" ಎಂದರು. ಮಾದೇಶ ಜರಿಪಂಚೆಯಲ್ಲೇ ಬೈಕು ಹತ್ತಿ ಹೋಗಿ, ಖಾಲಿ ಕ್ಯಾನು ತಂದು ಮೇಜಿನ ಮೇಲಿಟ್ಟ. ಕ್ಯಾನಿನ ಮೇಲೆ ಲೇಬಲ್ಲೇನೋ ಇತ್ತು. ಕಡಲೆಕಾಯಿ ಎಣ್ಣೆಯ ಲೇಬಲ್ಲು; ಒಬ್ಬಾಕೆ ನಗುತ್ತ ಪೂರಿ ಕರಿಯುತ್ತಿದ್ದಳು. ಡಾಕ್ಟರಮ್ಮ ಅದನ್ನು ಪೂರ್ತಿ ಓದಿದರು.

"ಹೃದಯಕ್ಕೆ ಒಳ್ಳೆಯದು ಅಂತ ಬರೆದಿದೆ" ಎಂದರು.

ಮತ್ತೆ ನನ್ನನ್ನು ಪಕ್ಕಕ್ಕೆ ಕರೆದು, ಒಳ್ಳೆಯ ಎಥೆನಾಲ್ ಆಗಿದ್ದರೆ ಒಂದು ಗುಟುಕಿಗೆ ಹೊಟ್ಟೆಯುರಿ, ತಲೆಸುತ್ತು, ಅಷ್ಟೇ; ಮೆಥೆನಾಲ್ ಬೆರೆತಿದ್ದರೆ ಇರುವ ಒಂದು ಕಣ್ಣಿಗೆ ಅಪಾಯ, ಅದು ಈಗಲೇ ಗೊತ್ತಾಗುವುದಿಲ್ಲ, ನಾಳೆಯವರೆಗೆ ಇಲ್ಲೇ ಇರಲಿ, ಮಂಜು ಮಂಜು ಅಂದರೆ ತಕ್ಷಣ ಹೇಳಿ ಎಂದರು. ಅದಕ್ಕೆ ಮದ್ದೇನು ಎಂದು ಕೇಳಿದೆ. ಬೇರೆ ಔಷಧಿಯಿದೆ, ಅದು ಸಿಗದ ಕಡೆ ಶುದ್ಧ ಮದ್ಯಸಾರವನ್ನೇ ಅಳತೆಯಲ್ಲಿ ಕೊಡುವುದೂ ಉಂಟು ಎಂದರು. ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ ನಮ್ಮ ಚಿಕ್ಕಪ್ಪನೊಬ್ಬ ಬೆಳಗಿನಿಂದ ಮೊದಲ ಬಾರಿಗೆ ಚುರುಕಾದ. "ಒಳ್ಳೇ ಮಾಲು ನಾನ್ ತತ್ತೀನಿ ಬುಡಿ ಡಾಕ್ಟ್ರೇ, ಎಷ್ಟ್ ಬೇಕೇಳಿ" ಎಂದ. ಅವನನ್ನೂ ಹೊರಗೆ ಕಳಿಸಿದರು.

ಅಂಗಡಿಯವನಿಗೆ ಫೋನು ಮಾಡಿದೆವು. ಡ್ರಮ್ಮು ಎಲ್ಲಿಂದ ಬಂತೋ ಅವನಿಗೂ ಗೊತ್ತಿರಲಿಲ್ಲ. "ಒಳ್ಳೇ ಸರಕು ಕಣಣ್ಣ, ಒಬ್ರೂ ವಾಪಸ್ ತಂದಿಲ್ಲ" ಎಂದ. ಕುಡಿದು ಸತ್ತವರು ವಾಪಸು ತರುವುದಿಲ್ಲವಲ್ಲ ಎಂದು ನನಗೆ ಹೊಳೆದದ್ದನ್ನು ನಾನು ಮಾದೇಶನ ಮುಂದೆ ಆಡಲಿಲ್ಲ. ಅವನು ಆಗಲೇ ಗೋಡೆಗೆ ಒರಗಿ ಕೂತುಬಿಟ್ಟಿದ್ದ, ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. "ನನ್ ಕೈಯಾರೆ ಉಯ್ದೆ ಅಕ್ಕ" ಎಂದ. ನನಗೂ ಭಯವಾಗಿತ್ತು. ಈ ಪ್ರಬಂಧದ ದನಿ ಕೇಳಿ ನೀವು ಬೇರೆ ತಿಳಿದೀರಿ, ಅದಕ್ಕೆ ಹೇಳುತ್ತಿದ್ದೇನೆ. ಅಷ್ಟು ವರ್ಷ ಮಬ್ಬಿನಲ್ಲಿ ತಡಕಾಡಿ ಆಗಷ್ಟೇ ಬೆಳಕು ಕಂಡವಳಿಗೆ, ತಾನು ಸಾಕಿದ ಹುಡುಗನ ಕೈಯಿಂದಲೇ ಮತ್ತೆ ಕತ್ತಲು ಬಂದರೆ ಅವನು ಬದುಕುವುದಾದರೂ ಹೇಗೆ?

ಮಧ್ಯಾಹ್ನದಿಂದ ನೆಂಟರು ಬರತೊಡಗಿದರು. ಗೃಹಪ್ರವೇಶದ ಊಟ ಮುಗಿಸಿದವರೆಲ್ಲ ತಾಂಬೂಲದ ಚೀಲ ಹಿಡಿದು ನೇರ ಆಸ್ಪತ್ರೆಗೆ ಬಂದು, ಅತ್ತೆಯ ಮುಖದೆದುರು ಬೆರಳು ತೋರಿಸಿ, "ಎಷ್ಟು ಏಳು?" ಎಂದು ಕೇಳಿ ಹೋಗುತ್ತಿದ್ದರು. ಮೊದಮೊದಲು ಸರಿಯಾಗಿ ಹೇಳಿದಳು. ಆಮೇಲೆ ರೇಗಿಹೋಯಿತು. "ಇವ್ರಿಗೇನು ಎಣಿಸಕ್ಕೇ ಬರಾಕಿಲ್ವಾ? ಬಂದ್ಬಂದೋರೆಲ್ಲ ನನ್ ಕೈಲಿ ಬೆಳ್ಳು ಎಣಿಸ್ಕಂಡು ಓಯ್ತಾವ್ರಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಗೋಡೆಯ ಕಡೆ ತಿರುಗಿದ್ದೇ ನಮಗೆ ಹೊಸ ಹೆದರಿಕೆ. ಕಣ್ಣು ಮಂಜಾಗಿ ಹಾಗೆ ಮಾಡಿದಳೋ ಎಂದು ಮಾದೇಶ ಎದ್ದು ಆ ಬದಿಗೆ ಹೋಗಿ ಬೆರಳು ತೋರಿಸಿದ. ಅವನಿಗೆ ಮಾತ್ರ ಎಣಿಸಿ ಹೇಳಿದಳು.

ಬೆಳಗಾಯಿತು. ಡಾಕ್ಟರಮ್ಮ ಮತ್ತೆ ಬೆಳಕು ಬಿಟ್ಟು ನೋಡಿದರು, ಗೋಡೆಯ ಮೇಲಿನ ಸಣ್ಣ ಚಿತ್ರಗಳನ್ನು ತೋರಿಸಿ ಕೇಳಿದರು, ಮಂಡ್ಯದಿಂದ ಬಂದ ರಕ್ತದ ವರದಿ ನೋಡಿದರು. ಮೆಥೆನಾಲ್ ಇಲ್ಲ, ಕಣ್ಣಿಗೆ ಏನೂ ಆಗಿಲ್ಲ, ಕರೆದುಕೊಂಡು ಹೋಗಿ ಎಂದರು. ಇದು ಅಂಗಡಿಯವನ ಒಳ್ಳೆಯತನವಲ್ಲ, ಅದೃಷ್ಟ, ಇನ್ನು ಮೇಲೆ ಸೀಲು ಒಡೆಯದ, ಲೇಬಲ್ ಇರುವ ಬಾಟಲಿಯಿಂದಲೇ ನೇರವಾಗಿ ಬಳಸಿ, ಬೇರೆ ಪಾತ್ರೆಗೆ ಹಾಕಬೇಡಿ ಎಂದರು. ಮಾದೇಶ ಅವರ ಕಾಲಿಗೆ ಬೀಳಲು ಹೋದ. ಆಮೇಲೆ, ಪೂಜೆಗೆ ಕೂರಿಸಿದ ಕಳಶ ಹಾಗೇ ಇದೆಯೆಂದು ಸವಿತ ಫೋನು ಮಾಡಿದ್ದರಿಂದ, ಮುಂದಾಗಿ ಮನೆಗೆ ಹೋದ. ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ನಾನು ಹಿಂದೆ ಹೊರಟೆ.

ನನ್ನೊಳಗಿನ ಸಂಚಾಲಕಿ ಸುಮ್ಮನಿರಬೇಕಲ್ಲ. "ಅತ್ತೆ, ತೀರ್ಥ ಅಂದ್ರೆ ನೀರು, ತುಳಸಿ. ಅದು ಹಂಗೆ ವಾಸನೆ ಹೊಡೀತದಾ? ಗೊತ್ತಾಗಲಿಲ್ವಾ ನಿಂಗೆ?" ಎಂದೆ.

"ಏನಂದ್ಕಂಡಿದ್ದೀಯೆ ನನ್ನ? ಕಣ್ಣು ಒಂದೇ ಇದ್ರೂ ಮೂಗು ನೆಟ್ಗದೆ ಕಣ ಮಗ. ಬಾಯ್ ತಾವ ತಂದೇಟ್ಗೇ ಗೊತ್ತಾಯ್ತು. ನಿಮ್ಮಾವ ಇದೇ ವಾಸ್ನೆ ಒತ್ಕಂಡು ದಿನಾ ಸಂಜೆ ಮನೆಗ್ ಬತ್ತಿರ್ನಿಲ್ವಾ?"

"ಗೊತ್ತಾಗಿ ಯಾಕೆ ಕುಡಿದೆ?"

"ಇನ್ನೇನ್ ಮಾಡನೆ? ನನ್ ಕೂಸು ಮಡಿ ಉಟ್ಕಂಡು, ಎಡ್ತೀನ ಪಕ್ಕದಲ್ ನಿಲ್ಲಿಸ್ಕಂಡು, ತಗೊ ಅತ್ತೆ ಅಂತ ಉಯ್ದದೆ. ಬೀಗ್ರೆಲ್ಲ ನೋಡ್ತಾವ್ರೆ. ನಾನು ಥೂ ಅಂತ ಒಸ ಮನೆ ಒಸ್ಲ ಮ್ಯಾಲೆ ಉಗಿಯಾದಾ? ಉಗುದ್ರೆ ಆ ಮನೆ ಏಳ್ಗೆ ಆದದಾ?"

"ಇರೋ ಒಂದು ಕಣ್ಣು ಹೋಗಿದ್ರೆ?"

"ಅದು ಕಣ್ ತೆಗಿಯಾದು ಅಂತ ನಂಗೇನ್ ಗೊತ್ತು? ಬರೀ ಎಂಡ ಅಂದ್ಕಂಡೆ" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಗೊತ್ತಿದ್ರೂ ಉಗೀತಿರ್ನಿಲ್ಲ ಬುಡು" ಎಂದಳು. ಆಟೋ ಕೊಲ್ಲಿ ಸರ್ಕಲ್ಲು ತಿರುಗುವಾಗ ನನ್ನ ಮಂಡಿ ತಟ್ಟಿ, "ಅವ್ನ್ ತಾವ ಏಳ್ಬೇಡ ಮಗ. ಸಂಕ್ಟ ಪಟ್ಕತ್ತಾನೆ" ಎಂದಳು.

ಬಾಟಲಿಯ ಹಿಂಬದಿಯಲ್ಲಿ ಏನೇನು ಬರೆದಿರುತ್ತದೆಂದು ನಾನು ಬಲ್ಲೆ. ಒಳಗಿರುವುದೇನು, ಎಷ್ಟು ಪಾಲು, ಯಾರಿಂದ ದೂರವಿಡಬೇಕು. ಪ್ರೀತಿಪಾತ್ರರು ಎದುರಿಗೆ ನಿಂತು ಸುರಿದರೆ ಏನು ಮಾಡಬೇಕೆಂದು ಯಾರೂ ಬರೆದಿಲ್ಲ, ಬರೆದರೂ ಅತ್ತೆಗೆ ಓದಲು ಬರುವುದಿಲ್ಲ. ನನಗೆ ಬರುತ್ತದೆ, ಆದರೂ ಆ ಹೊಸಿಲ ಮೇಲೆ ನಾನಿದ್ದಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ. ಆಟೋ ಮನೆಯ ಮುಂದೆ ನಿಲ್ಲುವವರೆಗೂ ಅತ್ತೆಯ ಕೈ ಹಿಡಿದುಕೊಂಡಿದ್ದೆ.

ಮಾದೇಶ ಬಾಗಿಲಲ್ಲೇ ಕಾಯುತ್ತಿದ್ದ. ಗಿಂಡಿಯೂ ಇರಲಿಲ್ಲ, ಚಮಚವೂ ಇರಲಿಲ್ಲ. ಅತ್ತೆ ಇಳಿದದ್ದೇ ತಡ, ಹಿಂದಿನ ದಿನದಿಂದ ಕಟ್ಟಿಕೊಂಡಿದ್ದೆಲ್ಲ ಬಾಯಿಗೆ ಬಂತು. "ಅಷ್ಟೂ ತಿಳಿಯಲ್ವಾ ಅತ್ತೆ ನಿಂಗೆ? ತೀರ್ಥಕ್ಕೂ ಸ್ಯಾನಿಟೈಸರ್‌ಗೂ ವ್ಯತ್ಯಾಸ ತಿಳಿಯಲ್ವಾ? ಏನಾದ್ರೂ ಆಗಿದ್ರೆ ನಾನೇನ್ ಮಾಡ್ಲಿ?" ಎಂದು ಬೀದಿಯಲ್ಲೇ ಬೈಯತೊಡಗಿದ. ಬೈಯುತ್ತಲೇ ಕಣ್ಣೊರೆಸಿಕೊಂಡ. ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ತಿರುಗಿ ನೋಡಿದಳು. ಮುಚ್ಚಿಕೊಂಡೆ.

"ತಿಳೀನಿಲ್ಲ ಕಣಪ್ಪ. ಅಳ್ಳಿ ಎಂಗ್ಸು, ನಂಗೇನ್ ತಿಳೀತದೆ" ಎಂದಳು ಅತ್ತೆ.

ಬಲಗಾಲಿಟ್ಟು ಹೊಸಿಲು ದಾಟಿದಳು. ನಡುಮನೆಯಲ್ಲಿ ನಿಂತು, ಸೆರಗಿನಿಂದ ಕಣ್ಣೊತ್ತಿಕೊಂಡು, ನೆಲದಿಂದ ಸೂರಿನವರೆಗೆ ನಿಧಾನವಾಗಿ ನೋಡಿದಳು. ನಾವೆಲ್ಲ ಅವಳನ್ನೇ ನೋಡುತ್ತ ನಿಂತೆವು. ಬಹಳ ಹೊತ್ತಾದ ಮೇಲೆ, ಬಡಗಣ ಮೂಲೆಯ ಮೇಲ್ತುದಿಗೆ ಬೆರಳು ತೋರಿಸಿ, "ಅಲ್ನೋಡ್ಲಾ ಮಾದ, ಅಲ್ಲಿ ಬಣ್ಣ ಬುಟ್ಟೋಗದೆ" ಎಂದಳು.

ಮಾದೇಶ ಕುರ್ಚಿ ತಂದು ಹತ್ತಿ ನೋಡಿದ. ಅಂಗೈಯಗಲ ಬಿಟ್ಟುಹೋಗಿತ್ತು.